ವಯಸ್ಸಾದ ಗಂಡಸರ ಮೂತ್ರ ತೊಂದರೆ: ನೀರು ಬಿಡಬೇಡಿ, ಲೆಕ್ಕ ಬರೆದಿಡಿ

ಬೇಲೂರು ಕಡೆಯ ಮದುವೆ ಮನೆಗಳಲ್ಲಿ ಎಲೆಯ ಮುಂದೆ ಕೂತ ಹಿರಿಯರನ್ನು ಗಮನಿಸಿ. ಕೆಲವರು ನೀರಿನ ಲೋಟವನ್ನು ಪಕ್ಕಕ್ಕೆ ಸರಿಸಿಬಿಡುತ್ತಾರೆ. ಬಾಯಾರಿಕೆ ಇಲ್ಲವೆಂದಲ್ಲ. ಹಾಸನದ ಬಸ್ಸು ಹತ್ತಿದ ಮೇಲೆ ಒಂದಕ್ಕೆ ಅವಸರವಾದರೆ ಏನು ಗತಿ ಎಂಬ ದಿಗಿಲು. ಮೊದಲು ನೀರು ಕಮ್ಮಿ ಮಾಡುತ್ತಾರೆ, ಆಮೇಲೆ ದೂರದ ಊರಿಗೆ ಹೋಗುವುದನ್ನು ಬಿಡುತ್ತಾರೆ, ಕೊನೆಗೆ ಮದುವೆ, ಜಾತ್ರೆ ಎಲ್ಲ ನಿಂತುಹೋಗುತ್ತದೆ. ರಾತ್ರಿ ನಾಲ್ಕೈದು ಸಲ ಎದ್ದರೂ ಮನೆಯವರಿಗೆ ಹೇಳುವುದಿಲ್ಲ. ಕೇಳಿದರೆ ‘ವಯಸ್ಸಾಯ್ತಲ್ಲ’ ಎನ್ನುತ್ತಾರೆ.

ವಯಸ್ಸಾಗಿದ್ದು ನಿಜ, ಅದಕ್ಕಾಗಿ ನರಳಬೇಕೆಂಬುದು ಸುಳ್ಳು. ಗಂಡಸರ ಮೂತ್ರಕೋಶದ ಬುಡದಲ್ಲಿ, ಮೂತ್ರನಾಳವನ್ನು ಸುತ್ತುವರಿದು ಪ್ರಾಸ್ಟೇಟ್ ಗ್ರಂಥಿ ಇರುತ್ತದೆ. ಹರೆಯದಲ್ಲಿ ಅದರ ತೂಕ ಸುಮಾರು 20 ಗ್ರಾಂ, ಸಿಪ್ಪೆ ಸುಲಿಯದ ಸಣ್ಣ ಅಡಿಕೆಯಷ್ಟು. ವಯಸ್ಸಾದಂತೆ ಅದು ದೊಡ್ಡದಾಗುತ್ತಾ ಹೋಗುತ್ತದೆ. ಅರವತ್ತರ ಹೊತ್ತಿಗೆ ಹೆಚ್ಚುಕಮ್ಮಿ ಅರ್ಧದಷ್ಟು ಗಂಡಸರಲ್ಲಿ, ಎಂಬತ್ತು ದಾಟಿದವರಲ್ಲಿ ಬಹುಪಾಲು ಮಂದಿಯಲ್ಲಿ ಈ ಬೆಳವಣಿಗೆ ಇರುತ್ತದೆ. ಇದು ಕ್ಯಾನ್ಸರ್ ಅಲ್ಲ, ಕ್ಯಾನ್ಸರ್ ಆಗಿ ಬದಲಾಗುವುದೂ ಇಲ್ಲ. ಆದರೆ ನಾಳ ಒತ್ತಿಕೊಂಡು ಧಾರೆ ಸಣ್ಣದಾಗುತ್ತದೆ, ಶುರುವಾಗಲು ಕಾಯಬೇಕಾಗುತ್ತದೆ, ನಿಂತು ನಿಂತು ಬರುತ್ತದೆ, ಹೋಗಿ ಬಂದರೂ ಪೂರ್ತಿ ಆಗಲಿಲ್ಲ ಅನ್ನಿಸುತ್ತದೆ.

ಮೊದಲ ಕೆಲಸ: ಮೂರು ದಿನದ ಲೆಕ್ಕ

ಡಾಕ್ಟರ ಹತ್ತಿರ ಹೋಗುವ ಮೊದಲು ಒಂದು ಹಳೆಯ ನೋಟ್‌ಬುಕ್ ಮತ್ತು ಮಿಲಿಲೀಟರ್ ಗುರುತಿರುವ ಅಗ್ಗದ ಪ್ಲಾಸ್ಟಿಕ್ ಅಳತೆ ಜಗ್ ಇಟ್ಟುಕೊಳ್ಳಿ. ಮೂರು ದಿನ, ಹಗಲು ರಾತ್ರಿ, ಕುಡಿದದ್ದನ್ನೂ ಹೋದದ್ದನ್ನೂ ಬರೆಯಿರಿ. ಉದಾಹರಣೆಗೆ: ‘ಬೆಳಿಗ್ಗೆ 6 ಗಂಟೆ, ಹೋದದ್ದು 250. 6.30, ಕಾಫಿ ಒಂದು ಲೋಟ. 8 ಗಂಟೆ, ಹೋದದ್ದು 120, ತಡೆಯಲಾಗಲಿಲ್ಲ. ರಾತ್ರಿ 1 ಗಂಟೆ, ಹೋದದ್ದು 300.’ ಅಷ್ಟೇ ಸಾಕು. ಮಲಗಿದ ಹೊತ್ತು, ಎದ್ದ ಹೊತ್ತು ತಪ್ಪದೆ ಇರಲಿ.

ಈ ಕೆಲಸಕ್ಕೆ ನಾನು ಇಷ್ಟು ಒತ್ತು ಕೊಡಲು ಕಾರಣವಿದೆ. ಪ್ರತಿ ಸಲವೂ ಸ್ವಲ್ಪ ಸ್ವಲ್ಪವೇ ಹೋಗುತ್ತಿದ್ದರೆ ತೊಂದರೆ ಮೂತ್ರಕೋಶ, ಪ್ರಾಸ್ಟೇಟ್ ಕಡೆಯದು ಎಂಬ ಸುಳಿವು. ದಿನದ ಒಟ್ಟು ಮೂತ್ರದಲ್ಲಿ ಮೂರನೇ ಒಂದು ಪಾಲಿಗಿಂತ ಹೆಚ್ಚು ರಾತ್ರಿಯೇ ಹೋಗುತ್ತಿದ್ದರೆ ಕಥೆ ಬೇರೆ: ಕಾಲು ಬಾವು, ಹೃದಯದ ತೊಂದರೆ, ನಿದ್ದೆಯಲ್ಲಿ ಉಸಿರು ಕಟ್ಟುವುದು, ಇವನ್ನೂ ನೋಡಬೇಕಾಗುತ್ತದೆ. ಹಗಲೂ ರಾತ್ರಿಯೂ ಧಾರಾಳವಾಗಿ ಹೋಗುತ್ತಿದ್ದರೆ ಸಕ್ಕರೆ ಕಾಯಿಲೆ ಇರಬಹುದು. ಎಲ್ಲವನ್ನೂ ಪ್ರಾಸ್ಟೇಟ್ ತಲೆಗೆ ಕಟ್ಟಿ ಮಾತ್ರೆ ನುಂಗಿದರೆ ಅಸಲಿ ಕಾಯಿಲೆ ಒಳಗೇ ಉಳಿಯುತ್ತದೆ. ನೋಟ್‌ಬುಕ್ ತೋರಿಸಿದರೆ ಡಾಕ್ಟರಿಗೆ ಐದು ನಿಮಿಷದಲ್ಲಿ ದಾರಿ ಸಿಗುತ್ತದೆ. ಬಾಯಿಬಿಟ್ಟು ಹೇಳಲು ನಾಚುವ ಹಿರಿಯರ ಪರವಾಗಿ ಆ ಪುಟವೇ ಮಾತಾಡುತ್ತದೆ.

ಎರಡನೆಯದು: ತಪಾಸಣೆ

ಬೇಲೂರಿನ ತಾಲ್ಲೂಕು ಆಸ್ಪತ್ರೆಯಿಂದಲೇ ಶುರು ಮಾಡಬಹುದು. ಮೂತ್ರ ಪರೀಕ್ಷೆ, ರಕ್ತದ ಸಕ್ಕರೆ, ಕಿಡ್ನಿ ಹೇಗಿದೆ ಎಂದು ತಿಳಿಯಲು ಕ್ರಿಯಾಟಿನಿನ್, ಇಷ್ಟು ಮೊದಲಿಗೆ. ಹೊಟ್ಟೆಯ ಸ್ಕ್ಯಾನ್ ಮಾಡಿಸುವಾಗ, ಮೂತ್ರ ಹೋಗಿ ಬಂದ ಮೇಲೆ ಒಳಗೆ ಎಷ್ಟು ಉಳಿದಿದೆ ಎಂಬುದನ್ನೂ ಅಳೆಯಲು ಹೇಳಿ. ಮುಂದಿನ ಪರೀಕ್ಷೆಗೆ ಸುಮಾರು 40 ಕಿಲೋಮೀಟರ್ ದೂರದ ಹಾಸನಕ್ಕೆ ಹೋಗಬೇಕಾಗಬಹುದು. ಡಾಕ್ಟರು ಗುದದ್ವಾರದಲ್ಲಿ ಬೆರಳಿಟ್ಟು ಗ್ರಂಥಿಯನ್ನು ಮುಟ್ಟಿ ನೋಡುತ್ತಾರೆ. ಒಂದು ನಿಮಿಷದ ಮುಜುಗರ ಅಷ್ಟೆ, ಬೇಡವೆನ್ನಬೇಡಿ. ಕ್ಯಾನ್ಸರಿನ ಗಂಟು ಗಟ್ಟಿಯಾಗಿದ್ದರೆ ಗೊತ್ತಾಗುವುದು ಹಾಗೆಯೇ. ಪಿಎಸ್‌ಎ ಎಂಬ ರಕ್ತ ಪರೀಕ್ಷೆ ಬರೆದುಕೊಟ್ಟರೆ ಗಾಬರಿ ಬೇಡ. ಮೂತ್ರದ ಸೋಂಕಿದ್ದರೂ, ಗ್ರಂಥಿ ಬರೀ ದೊಡ್ಡದಾಗಿದ್ದರೂ ಅದರ ಅಂಕಿ ಏರುತ್ತದೆ.

ಸ್ಕ್ಯಾನ್ ವರದಿಯಲ್ಲಿ ಗ್ರಂಥಿಯ ಗಾತ್ರ ‘ಗ್ರೇಡ್ 2’ ಎಂದು ನೋಡಿ ಆಪರೇಷನ್ನೇ ಗತಿ ಎಂದುಕೊಳ್ಳುವವರು ಬಹಳ. ಗಾತ್ರಕ್ಕೂ ಕಷ್ಟಕ್ಕೂ ನೇರ ಸಂಬಂಧವಿಲ್ಲ. ದೊಡ್ಡ ಗ್ರಂಥಿಯ ಕೆಲವರು ಹಾಯಾಗಿರುತ್ತಾರೆ, ಸಣ್ಣ ಗ್ರಂಥಿಯ ಕೆಲವರು ಒದ್ದಾಡುತ್ತಾರೆ. ತೊಂದರೆ ಎಷ್ಟಿದೆ ಎಂದು ಅಳೆಯಲು ಡಾಕ್ಟರು ಏಳು ಪ್ರಶ್ನೆ ಕೇಳಿ 35ಕ್ಕೆ ಅಂಕ ಹಾಕುತ್ತಾರೆ. 7ರವರೆಗೆ ಸೌಮ್ಯ, 8ರಿಂದ 19 ಮಧ್ಯಮ, 20 ಮತ್ತು ಅದಕ್ಕೂ ಮೇಲಾದರೆ ತೀವ್ರ. ಸೌಮ್ಯವಾಗಿದ್ದು ಬೇರೆ ಅಡ್ಡಿ ಇಲ್ಲದಿದ್ದರೆ ಮಾತ್ರೆಯೂ ಬೇಕಾಗದೆ, ಅಭ್ಯಾಸ ಬದಲಿಸಿಕೊಂಡು ವರ್ಷಕ್ಕೊಮ್ಮೆ ತೋರಿಸಿಕೊಂಡರೆ ಸಾಕಾಗಬಹುದು.

ಮನೆಯಲ್ಲೇ ಮಾಡಬೇಕಾದ್ದು

ಅರೇಹಳ್ಳಿ, ಬಿಕ್ಕೋಡು ಕಡೆ ಕಾಫಿ ತೋಟದ ಜನಕ್ಕೆ ಇದು ಕಹಿ ಎನಿಸಬಹುದು, ಆದರೂ ಹೇಳಲೇಬೇಕು. ಕಾಫಿ ಮೂತ್ರವನ್ನು ಹೆಚ್ಚಿಸುತ್ತದೆ, ಮೂತ್ರಕೋಶವನ್ನೂ ಕೆರಳಿಸುತ್ತದೆ. ಟೀಯೂ ಅಷ್ಟೆ. ಬೆಳಗಿನ ಕಾಫಿ ಇಟ್ಟುಕೊಳ್ಳಿ, ಮಧ್ಯಾಹ್ನದ ಮೇಲಿನದನ್ನು ಬಿಡಿ. ಒಂದು ವಾರ ಬಿಟ್ಟು ನೋಡಿ, ರಾತ್ರಿ ಏಳುವ ಲೆಕ್ಕ ಮತ್ತೆ ಬರೆಯಿರಿ.

ನೀರನ್ನು ಮಾತ್ರ ನಿಲ್ಲಿಸಬೇಡಿ. ಕುಡಿಯದಿದ್ದರೆ ಮೂತ್ರ ಗಟ್ಟಿಯಾಗಿ ಉರಿಯುತ್ತದೆ, ಸೋಂಕು, ಕಲ್ಲು, ಮಲಬದ್ಧತೆ ಬರುತ್ತವೆ. ಮಲ ಕಟ್ಟಿದರೆ ಅದೂ ಮೂತ್ರಕೋಶವನ್ನು ಒತ್ತುತ್ತದೆ. ಹೃದಯ, ಕಿಡ್ನಿ ಡಾಕ್ಟರು ಬೇರೆ ಹೇಳಿಲ್ಲದಿದ್ದರೆ ದಿನಕ್ಕೆ ಒಂದೂವರೆಯಿಂದ ಎರಡು ಲೀಟರ್ ಇರಲಿ, ಹೆಚ್ಚಿನ ಪಾಲು ಸಂಜೆಯೊಳಗೆ. ಮಲಗುವ ಎರಡು ಮೂರು ಗಂಟೆ ಮೊದಲು ನೀರು, ಮಜ್ಜಿಗೆ, ಹಾಲು, ಎಳನೀರು ಎಲ್ಲವನ್ನೂ ಕಮ್ಮಿ ಮಾಡಿ. ಕಾಲು ಬಾವು ಇರುವವರು ಮಧ್ಯಾಹ್ನ ಒಂದು ಗಂಟೆ ಕಾಲು ಎತ್ತರದಲ್ಲಿಟ್ಟು ಮಲಗಿದರೆ ಆ ನೀರು ಸಂಜೆಯೊಳಗೆ ಹೊರಹೋಗುತ್ತದೆ. ಬಿಪಿಗೆಂದು ಕೊಟ್ಟ ನೀರಿಳಿಸುವ ಮಾತ್ರೆ ರಾತ್ರಿಯಿದ್ದರೆ ಬೆಳಿಗ್ಗೆಗೆ ಬದಲಿಸಬಹುದೇ ಎಂದು ಡಾಕ್ಟರನ್ನು ಕೇಳಿ.

ಹೋಗುವಾಗ ಅವಸರ ಬೇಡ. ಕಮೋಡ್ ಇದ್ದರೆ ಕೂತೇ ಹೋಗಿ. ಮುಗಿದ ಮೇಲೆ ಅರ್ಧ ನಿಮಿಷ ತಡೆದು ಮತ್ತೊಮ್ಮೆ ಪ್ರಯತ್ನಿಸಿ, ಉಳಿದದ್ದು ಬರುತ್ತದೆ. ಮುಕ್ಕಿ ಒತ್ತಬೇಡಿ.

ರಾತ್ರಿಯ ಮಾತು ಬೇರೆಯಾಗಿಯೇ ಹೇಳಬೇಕು. ನಮ್ಮ ಹಳ್ಳಿ ಮನೆಗಳಲ್ಲಿ ಇಂದಿಗೂ ಎಷ್ಟೋ ಕಡೆ ಬಚ್ಚಲು ಹಿತ್ತಲಲ್ಲಿ. ಮಳೆಗಾಲದಲ್ಲಿ ಪಾಚಿಗಟ್ಟಿದ ಕಲ್ಲುಚಪ್ಪಡಿ, ನಿದ್ದೆಗಣ್ಣು, ಮೇಲೆ ಕರೆಂಟಿಲ್ಲ. ಅಲ್ಲಿ ಜಾರಿ ಸೊಂಟದ ಮೂಳೆ ಮುರಿದರೆ ಪ್ರಾಸ್ಟೇಟಿಗಿಂತ ದೊಡ್ಡ ಸಂಕಟ. ಔಷಧದ ಅಂಗಡಿಯಲ್ಲಿ ಗಂಡಸರ ಯೂರಿನಲ್ ಬಾಟಲಿ ಸಿಗುತ್ತದೆ, ಮಂಚದ ಪಕ್ಕ ಇಡಿ. ಕೈಗೆಟುಕುವಂತೆ ಬ್ಯಾಟರಿ ಇರಲಿ. ಏಳುವಾಗ ಮಂಚದ ಅಂಚಿನಲ್ಲಿ ಎರಡು ನಿಮಿಷ ಕೂತು ಎದ್ದೇಳಲಿ. ಮಾಗಿಯ ಚಳಿಯಲ್ಲಿ ಮೂತ್ರ ಹೆಚ್ಚುವುದು ಸಹಜ, ಕಾಲುಚೀಲ, ಕಂಬಳಿ ಮರೆಯಬೇಡಿ.

ಮಾತ್ರೆಗಳು

ಮೊದಲು ಕೊಡುವುದು ಸಾಮಾನ್ಯವಾಗಿ ಟ್ಯಾಮ್ಸುಲೋಸಿನ್ ಜಾತಿಯ ಮಾತ್ರೆ. ನಾಳದ ಸ್ನಾಯು ಸಡಿಲಿಸಿ ಕೆಲವೇ ದಿನಗಳಲ್ಲಿ ಧಾರೆ ಸುಧಾರಿಸುತ್ತದೆ. ಎದ್ದಾಗ ತಲೆ ತಿರುಗಬಹುದು, ವೀರ್ಯ ಬರುವುದು ಕಮ್ಮಿಯಾಗಬಹುದು. ಕಣ್ಣಿನ ಪೊರೆ ಆಪರೇಷನ್ನಿಗೆ ಹೋಗುವವರು ಈ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ, ಹಿಂದೆ ತೆಗೆದುಕೊಂಡಿದ್ದರೂ, ಕಣ್ಣಿನ ಡಾಕ್ಟರಿಗೆ ಹೇಳಲೇಬೇಕು. ಗ್ರಂಥಿ ದೊಡ್ಡದಿದ್ದರೆ ಫಿನಾಸ್ಟರೈಡ್ ಅಥವಾ ಡ್ಯುಟಾಸ್ಟರೈಡ್ ಸೇರಿಸುತ್ತಾರೆ. ಅದರ ಗುಣ ಕಾಣಲು ಆರು ತಿಂಗಳು ಬೇಕು, ತಿಂಗಳಿಗೇ ಬೇಸತ್ತು ನಿಲ್ಲಿಸಬೇಡಿ. ಅದು ಪಿಎಸ್‌ಎ ಅಂಕಿಯನ್ನು ಅರ್ಧಕ್ಕಿಳಿಸುವುದರಿಂದ ಮುಂದಿನ ಪರೀಕ್ಷೆಯಲ್ಲಿ ಆ ಮಾತು ತಿಳಿಸಿ. ತಿಂಗಳು ತಿಂಗಳು ಕೊಳ್ಳುವ ಖರ್ಚು ಭಾರವಾದರೆ ಜನೌಷಧಿ ಕೇಂದ್ರದಲ್ಲಿ ಕೇಳಿ.

ಬಾಳೆದಿಂಡಿನ ರಸ, ಬಾರ್ಲಿ ನೀರು ಕುಡಿದರೆ ತಪ್ಪೇನಿಲ್ಲ, ಆದರೆ ಬೆಳೆದ ಗ್ರಂಥಿ ಅವುಗಳಿಂದ ಇಳಿಯುವುದಿಲ್ಲ. ಅದಕ್ಕಿಂತ ಅಪಾಯದ್ದು ಶೀತ, ನೆಗಡಿಗೆಂದು ಅಂಗಡಿಯಿಂದ ತರುವ ಮಾತ್ರೆ. ಮೂಗಿನ ಕಟ್ಟು ಬಿಡಿಸುವ, ನಿದ್ದೆ ಬರಿಸುವ ಎಷ್ಟೋ ನೆಗಡಿ ಮಾತ್ರೆಗಳು ಪ್ರಾಸ್ಟೇಟ್ ಬೆಳೆದವರಿಗೆ ರಾತ್ರೋರಾತ್ರಿ ಮೂತ್ರ ಕಟ್ಟಿಸಬಹುದು. ನಿಮ್ಮ ತೊಂದರೆ ಹೇಳದೆ ಅಂಗಡಿಯವರಿಂದ ಅವನ್ನು ತೆಗೆದುಕೊಳ್ಳಬೇಡಿ.

ಆಪರೇಷನ್ ಬೇಕಾದಾಗ

ಮಾತ್ರೆಗೆ ಬಗ್ಗದಿದ್ದರೆ, ಪದೇ ಪದೇ ಮೂತ್ರ ಕಟ್ಟಿದರೆ, ಸೋಂಕು, ರಕ್ತ, ಮೂತ್ರಕೋಶದ ಕಲ್ಲು ಕಾಡಿದರೆ, ಕಿಡ್ನಿಗೆ ಪೆಟ್ಟು ಬೀಳುತ್ತಿದ್ದರೆ ಆಪರೇಷನ್. ಸಾಮಾನ್ಯವಾಗಿ ಹೊಟ್ಟೆ ಕೊಯ್ಯುವುದಿಲ್ಲ, ಮೂತ್ರದ ದಾರಿಯಿಂದಲೇ ದುರ್ಬೀನು ಕಳಿಸಿ ಅಡ್ಡವಾದ ಭಾಗವನ್ನು ಹೆರೆದು ತೆಗೆಯುತ್ತಾರೆ, ಇಲ್ಲವೇ ಲೇಸರ್ ಬಳಸುತ್ತಾರೆ. ಕೆಲವು ದಿನ ಆಸ್ಪತ್ರೆ, ಕೆಲವು ವಾರ ಭಾರ ಎತ್ತುವಂತಿಲ್ಲ. ರಕ್ತ ತೆಳುವಾಗಿಸುವ ಮಾತ್ರೆ ಇದ್ದರೆ ಮೊದಲೇ ಹೇಳಿ. ಬಿಪಿಎಲ್ ಕುಟುಂಬಗಳಿಗೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ. ರೇಷನ್ ಕಾರ್ಡು, ಆಧಾರ್ ಹಿಡಿದು ಸರ್ಕಾರಿ ಆಸ್ಪತ್ರೆಯಲ್ಲಿ ವಿಚಾರಿಸಿ. ಹಾಸನದ ವೈದ್ಯಕೀಯ ಕಾಲೇಜು ಆಸ್ಪತ್ರೆಯೂ, ಬೆಂಗಳೂರಿನ ವಿಕ್ಟೋರಿಯಾ ಆವರಣದಲ್ಲಿರುವ ನೆಫ್ರೋ ಯೂರಾಲಜಿ ಸಂಸ್ಥೆಯೂ ಸರ್ಕಾರದವು.

ತಡ ಮಾಡಬಾರದ ಹೊತ್ತು

ಅವಸರವಿದ್ದರೂ ಒಂದು ಹನಿ ಬರುತ್ತಿಲ್ಲ, ಕಿಬ್ಬೊಟ್ಟೆ ಉಬ್ಬಿ ನೋಯುತ್ತಿದೆ ಎಂದರೆ ಬೆಳಗಾಗಲಿ ಎಂದು ಕಾಯಬೇಡಿ, ಇನ್ನಷ್ಟು ನೀರು ಕುಡಿಸಬೇಡಿ, ಹೊಟ್ಟೆ ಒತ್ತಬೇಡಿ. 108ಕ್ಕೆ ಫೋನ್ ಮಾಡಿ. ಆಸ್ಪತ್ರೆಯಲ್ಲಿ ಮೂತ್ರ ಹೊರತೆಗೆಯುವ ಕೊಳವೆ (ಕ್ಯಾಥೆಟರ್) ಹಾಕಿದ ಕೂಡಲೇ ನೋವು ಇಳಿಯುತ್ತದೆ. ಚಳಿಜ್ವರ, ಮೂತ್ರದಲ್ಲಿ ರಕ್ತ, ಈವರೆಗೆ ಇಲ್ಲದವರು ನಿದ್ದೆಯಲ್ಲಿ ಹಾಸಿಗೆ ಒದ್ದೆ ಮಾಡಿಕೊಳ್ಳುವುದು, ಇವೂ ಅಷ್ಟೇ ತುರ್ತು. ಹಾಸಿಗೆ ಒದ್ದೆಯಾದರೆ ಹಿರಿಯರನ್ನು ಗದರಿಸಬೇಡಿ. ಮೂತ್ರಕೋಶ ತುಂಬಿ ನೋವಿಲ್ಲದೆ ತುಳುಕುತ್ತಿರಬಹುದು, ಅದರ ಹಿಂದೆ ಕಿಡ್ನಿ ಸೋಲುತ್ತಿರಬಹುದು.

ರಾತ್ರಿ ಅಪ್ಪ ಎಷ್ಟು ಸಲ ಏಳುತ್ತಾರೆ ಎಂದು ಈ ವಾರವೇ ಕೇಳಿ. ಅವರು ಹಾರಿಕೆಯ ಉತ್ತರ ಕೊಟ್ಟರೆ ಅಮ್ಮನನ್ನು ಕೇಳಿ, ಅವರಿಗೆ ಗೊತ್ತಿರುತ್ತದೆ. ಎರಡು ಸಲಕ್ಕಿಂತ ಹೆಚ್ಚಿದ್ದರೆ ನಾಳೆಯಿಂದಲೇ ಲೆಕ್ಕ ಬರೆಸಲು ಶುರು ಮಾಡಿ, ಮೂರು ದಿನ ಮುಗಿದ ಮೇಲೆ ಅವರ ಜೊತೆ ನೀವೇ ಡಾಕ್ಟರ ಹತ್ತಿರ ಹೋಗಿ.