ಬಿಡದ ನೆಗಡಿ

ಕೊಪ್ಪ, ನರಸಿಂಹರಾಜಪುರಗಳ ಸೀಮೆಯ ಶೆಟ್ಟಿಕೊಪ್ಪದಲ್ಲಿ ಮಳೆಗಾಲವೆಂದರೆ ದಿನಗಟ್ಟಲೆ ಬಿಸಿಲು ಕಾಣದ ಕಾಲ. ಒಗೆದ ಬಟ್ಟೆ ಒಣಗದು. ಗೋಡೆಗೂ ಪುಸ್ತಕಕ್ಕೂ ಬೂಷ್ಟು ಹಿಡಿಯುತ್ತದೆ. ಮುಂಜಾನೆ ಕಂಬಳಿ ಕೊಡವಿದೊಡನೆ ಹತ್ತಾರು ಬಾರಿ ಸೀನುವ ಮಕ್ಕಳು ಮಲೆನಾಡಿನ ಮನೆಗಳಲ್ಲಿ ಅಪರೂಪವಲ್ಲ. ಹಿರಿಯರು ಅದನ್ನು ಥಂಡಿಯೆಂದು ತಿಳಿದು ಕಷಾಯ ಕುಡಿಸುತ್ತಾರೆ. ಆದರೆ ಸಾಮಾನ್ಯ ನೆಗಡಿಯು ವಾರ, ಹತ್ತು ದಿನಗಳಲ್ಲಿ ಇಳಿಯುತ್ತದೆ. ಜ್ವರವಿಲ್ಲದೆ, ಮೂಗು ಕಣ್ಣುಗಳ ತುರಿಕೆಯೊಡನೆ ತಿಂಗಳುಗಟ್ಟಲೆ ಕಾಡುವುದು ಬಹುಮಟ್ಟಿಗೆ ಮೂಗಿನ ಅಲರ್ಜಿ.

ಅಲರ್ಜಿ ಎಂಬ ಪದವನ್ನು 1906ರಲ್ಲಿ ಬಳಕೆಗೆ ತಂದವನು ವಿಯೆನ್ನಾದ ಮಕ್ಕಳ ವೈದ್ಯ ಕ್ಲೆಮೆನ್ಸ್ ಫಾನ್ ಪಿರ್ಕೆ. ಅಪಾಯವಿಲ್ಲದ ವಸ್ತುವನ್ನೂ ಕೆಲವರ ದೇಹವು ಶತ್ರುವೆಂದು ಬಗೆದು ಅದರ ಮೇಲೆ ಎರಗುತ್ತದೆ. ಆಗ ಮೂಗಿನ ಒಳಪೊರೆಯಲ್ಲಿ ಹಿಸ್ಟಮಿನ್ ಎಂಬ ರಾಸಾಯನಿಕ ಹೊರಬಿದ್ದು ಸೀನು, ನೀರು, ತುರಿಕೆಗಳು ಉಂಟಾಗುತ್ತವೆ. ಬೂಷ್ಟಿನ ಕಣ, ಹೂವಿನ ಪರಾಗ, ಹಾಸಿಗೆಯ ಧೂಳಿನಲ್ಲಿ ಬದುಕುವ ಸೂಕ್ಷ್ಮ ನುಸಿಯ ಹಿಕ್ಕೆ, ಇವೇ ಆ ವಸ್ತುಗಳು. ನುಸಿಗೆ ತೇವದ ಹವೆಯೆಂದರೆ ಪ್ರೀತಿ. ಮಲೆನಾಡಿನಲ್ಲಿ ಅದಕ್ಕೆ ಕೊರತೆಯಿಲ್ಲ!

ಇದನ್ನು ಗುರುತಿಸಲು ಹಳ್ಳಿಯ ವೈದ್ಯರಿಗೆ ದೊಡ್ಡ ಯಂತ್ರಗಳು ಬೇಕಿಲ್ಲ. ತಾಳ್ಮೆಯಿಂದ ಕೇಳಿದ ನಾಲ್ಕು ಪ್ರಶ್ನೆಗಳು ಸಾಕಾಗುತ್ತವೆ. ಸೀನು ಯಾವ ಹೊತ್ತಿನಲ್ಲಿ ಹೆಚ್ಚು? ಏನನ್ನು ಮುಟ್ಟಿದಾಗ, ಗುಡಿಸಿದಾಗ? ಮನೆಯಲ್ಲಿ ಬೇರೆ ಯಾರಿಗಾದರೂ ಉಬ್ಬಸವಿದೆಯೇ? ರಾತ್ರಿ ಎದೆಯಲ್ಲಿ ಸುಯ್‌ಗುಟ್ಟುವ ಸದ್ದು ಬರುವುದೇ? ಕೊನೆಯ ಪ್ರಶ್ನೆಯನ್ನು ಮರೆಯುವಂತಿಲ್ಲ. ಮೂಗಿನ ಅಲರ್ಜಿಯುಳ್ಳ ಅನೇಕರಿಗೆ ಉಬ್ಬಸವೂ ಇರುತ್ತದೆ. ಅದನ್ನು ಕಡೆಗಣಿಸಿದರೆ ಪ್ರಾಣಕ್ಕೇ ಅಪಾಯ. ಒಂದೇ ಹೊಳ್ಳೆ ಸದಾ ಕಟ್ಟಿದ್ದರೆ, ಇಲ್ಲವೆ ರಕ್ತ ಬೆರೆತ ಸಿಂಬಳ ಬಂದರೆ ರೋಗಿಯನ್ನು ಮೂಗಿನ ತಜ್ಞರ ಬಳಿಗೆ ಕಳುಹಿಸಬೇಕು.

ಹಳೆಯ ಅಲರ್ಜಿ ಮಾತ್ರೆಗಳು ಸೀನನ್ನು ತಡೆಯುವುದೇನೋ ನಿಜ. ಆದರೆ ಅವನ್ನು ನುಂಗಿದ ಹುಡುಗ ತರಗತಿಯಲ್ಲಿ ತೂಕಡಿಸುತ್ತಾನೆ. ಹೊಸ ಮಾತ್ರೆಗಳಲ್ಲಿ ಈ ದೋಷ ಕಡಿಮೆ. ಕಾಟ ಹೆಚ್ಚಿದ್ದರೆ ವೈದ್ಯರು ಮೂಗಿಗೆ ಸಿಂಪಡಿಸುವ ಸ್ಟೀರಾಯ್ಡ್ ಔಷಧವನ್ನು ಕೊಡುತ್ತಾರೆ. ಅದರ ಪೂರ್ಣ ಗುಣ ತೋರಲು ಕೆಲವು ದಿನಗಳು ಬೇಕು. ಎರಡು ದಿನ ಹಾಕಿ ನಿಷ್ಪ್ರಯೋಜಕವೆಂದು ಎಸೆಯುವವರೇ ಹೆಚ್ಚು. ತಲೆಯನ್ನು ತುಸು ಮುಂದಕ್ಕೆ ಬಾಗಿಸಿ, ಕೊಳವೆಯ ತುದಿಯನ್ನು ಮೂಗಿನ ನಡುಗೋಡೆಯಿಂದ ಆಚೆಗೆ ತಿರುಗಿಸಿ ಸಿಂಪಡಿಸಬೇಕು. ಕಟ್ಟಿದ ಮೂಗನ್ನು ಕ್ಷಣದಲ್ಲಿ ಬಿಡಿಸುವ ತೊಟ್ಟುಮದ್ದಿನ ಮಾತು ಬೇರೆ. ಅದನ್ನು ಕೆಲವೇ ದಿನಗಳಿಗಿಂತ ಹೆಚ್ಚು ಬಳಸಿದರೆ ಮೂಗು ಮತ್ತಷ್ಟು ಕಟ್ಟುತ್ತದೆ.

ಹಾಸಿಗೆಯ ಹೊದಿಕೆಗಳನ್ನು ವಾರಕ್ಕೊಮ್ಮೆ ಬಿಸಿನೀರಿನಲ್ಲಿ ಒಗೆಯುವುದು ನುಸಿಗೆ ಮದ್ದು. ಮಳೆಗಾಲದಲ್ಲಿ ಅವನ್ನು ಒಲೆಯ ಮೇಲೆ ಹರಡಿ ಒಣಗಿಸುವ ರೂಢಿಯೂ ಉಂಟು. ಆದರೆ ಸೀನುವ ಮೂಗಿಗೆ ಹೊಗೆಯೂ ಆಗದು. ಹೊಳವಾದ ದಿನ ಅಂಗಳದ ಬಿಸಿಲಿಗೆ ಕಂಬಳಿ ಹಾಕುವುದೇ ಲೇಸು. ಕೊಡವುವ ಕೆಲಸ ಮಾತ್ರ ಸೀನುವ ಮಗುವಿನ ಪಾಲಿಗೆ ಬರಬಾರದು.