ತೂಕಕ್ಕೊಂದು ಲೆಕ್ಕ, ಸುಸ್ತಿಗೊಂದು ಪರೀಕ್ಷೆ

ಬೆಳಗಿನ ತಿಂಡಿಯ ಬದಲು ಒಂದು ಲೋಟ, ರಾತ್ರಿಯ ಊಟದ ಬದಲು ಇನ್ನೊಂದು ಲೋಟ. ಹಾಲಿಗೆ ಎರಡು ಚಮಚ ಪುಡಿ ಬೆರೆಸಿ ಕುಡಿದರಾಯಿತು, ತಿಂಗಳೊಪ್ಪತ್ತಿನಲ್ಲಿ ಮೈ ಇಳಿಯುತ್ತದೆ, ಹೋದ ಚೈತನ್ಯ ಮರಳುತ್ತದೆ. 'ಶೇಕ್' ಎಂದು ಕರೆಯುವ ಊಟದ ಬದಲಿ ಪಾನೀಯಗಳ ಬಗ್ಗೆ ಕೇಳಿಬರುವ ಮಾತು ಇದು. ಒಂದು ಕಾಲಕ್ಕೆ ದೊಡ್ಡ ಪಟ್ಟಣಗಳಲ್ಲಿ ಮಾತ್ರ ಕಾಣುತ್ತಿದ್ದ ಈ ಡಬ್ಬಿಗಳು ಈಗ ತಾಲ್ಲೂಕು ಊರುಗಳಿಗೂ ಬಂದಿವೆ. ಪರಿಚಯದವರೋ ನೆಂಟರೋ ಮನೆಗೇ ತಂದುಕೊಡುವುದರಿಂದ ಬೇಡವೆನ್ನಲು ಸಂಕೋಚ. ಮನೆಯಲ್ಲಿ ಒಬ್ಬರು ಆರಂಭಿಸಿದರೆ ಉಳಿದವರಿಗೂ ಆಸೆ.

ಇದರಲ್ಲಿ ಹುರುಳಿದೆಯೇ ಎಂದು ಕೇಳಿದರೆ, ಅರ್ಧ ಇದೆ ಎನ್ನಬೇಕು. ತೂಕ ಇಳಿಯುವುದು ಒಂದು ವಿಷಯ, ಸುಸ್ತು ಹೋಗುವುದು ಇನ್ನೊಂದು. ಎರಡರ ಕಾರಣವೂ ಬೇರೆ, ಪರಿಹಾರವೂ ಬೇರೆ. ಎರಡನ್ನೂ ಒಂದೇ ಡಬ್ಬಿಯ ಮೇಲೆ ಬರೆದಿರುವುದರಿಂದಲೇ ಗೊಂದಲ. ಈ ವಾರ ಅವೆರಡನ್ನೂ ಬಿಡಿಸಿ ನೋಡೋಣ.

ಪುಡಿಯ ಆಹಾರ ಹೊಸದಲ್ಲ

ಆಹಾರವನ್ನು ಪುಡಿ ಮಾಡಿ ಡಬ್ಬಿಗೆ ತುಂಬುವ ವಿದ್ಯೆ ಕರ್ನಾಟಕಕ್ಕೆ ಹೊಸದೇನಲ್ಲ. ಮೈಸೂರಿನಲ್ಲಿ 1950ರಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯವರು ಆ ದಶಕದಲ್ಲೇ 'ವಿವಿಧೋದ್ದೇಶ ಆಹಾರ' ಎಂಬ ಪುಡಿಯನ್ನು ತಯಾರಿಸಿದರು. ಎಣ್ಣೆ ತೆಗೆದ ಶೇಂಗಾ ಹಿಟ್ಟು 75 ಪಾಲು, ಕಡಲೆ ಹಿಟ್ಟು 25 ಪಾಲು. ಅದಕ್ಕೆ ಜೀವಸತ್ವ ಮತ್ತು ಸುಣ್ಣದಂಶದ ಸೇರ್ಪಡೆ. ಅರೆಹೊಟ್ಟೆಯಲ್ಲಿದ್ದ ಮಕ್ಕಳು ಮತ್ತು ತಾಯಂದಿರ ಊಟಕ್ಕೆ ಬೆರೆಸಿ ಪುಷ್ಟಿ ಕೊಡಲೆಂದು ಅದನ್ನು ಮಾಡಿದ್ದರು.

ಇಂದಿನ ಶೇಕ್ ಪುಡಿಯ ಉದ್ದೇಶ ಇದಕ್ಕೆ ತಿರುಗುಮುರುಗು: ಊಟವನ್ನು ತೆಗೆದು ಆ ಜಾಗದಲ್ಲಿ ನಿಲ್ಲುವುದು. ಒಳಗಿರುವ ಸರಕು ಮಾತ್ರ ಹೆಚ್ಚು ಬೇರೆಯಲ್ಲ. ಸೋಯಾ ಅಥವಾ ಹಾಲಿನಿಂದ ತೆಗೆದ ಸಸಾರಜನಕ, ಅಂದರೆ ಪ್ರೋಟೀನು. ಸ್ವಲ್ಪ ಶರ್ಕರಪಿಷ್ಟ, ಸ್ವಲ್ಪ ನಾರು, ಜೀವಸತ್ವಗಳು, ಖನಿಜಗಳು, ಸಿಹಿ ಮತ್ತು ಪರಿಮಳ. ಹಾಲಿನಲ್ಲಿ ಬೆರೆಸಿದ ಒಂದು ಲೋಟದಲ್ಲಿ ಸಾಮಾನ್ಯವಾಗಿ 200ರಿಂದ 250 ಕ್ಯಾಲೊರಿ, 15ರಿಂದ 20 ಗ್ರಾಂ ಸಸಾರಜನಕ ಇರುತ್ತದೆ. ಅಮೆರಿಕದಲ್ಲಿ ಸ್ಲಿಮ್‌ಫಾಸ್ಟ್ ಎಂಬ ಪುಡಿ 1977ರಲ್ಲಿ ಮಾರುಕಟ್ಟೆಗೆ ಬಂತು. 1980ರಲ್ಲಿ ಅಲ್ಲಿ ಹುಟ್ಟಿದ ಹರ್ಬಲೈಫ್ ಕಂಪನಿ 1999ರಲ್ಲಿ ಭಾರತಕ್ಕೆ ಕಾಲಿಟ್ಟಿತು. ಅದಾದ ಮೇಲೆ ದೇಶ ವಿದೇಶಗಳ ಹಲವು ಹೆಸರಿನ ಪುಡಿಗಳು ಬಂದಿವೆ.

ತೂಕ ಇಳಿಯುವುದು ಹೇಗೆ?

ಕೊಬ್ಬನ್ನು ಕರಗಿಸುವ ವಿಶೇಷ ಶಕ್ತಿ ಯಾವ ಪುಡಿಗೂ ಇಲ್ಲ. ತೂಕ ಇಳಿಯುವುದು ಕೂಡಿ ಕಳೆಯುವ ಲೆಕ್ಕದಿಂದ.

ನಮ್ಮ ಕೊಟ್ಟೂರು ಸೀಮೆಯ ತಿಂಡಿಯನ್ನೇ ತೆಗೆದುಕೊಳ್ಳಿ. ಮಂಡಕ್ಕಿ ಹಗುರ ಎಂದು ಎಲ್ಲರೂ ಹೇಳುತ್ತಾರೆ. ಬರೀ ಮಂಡಕ್ಕಿ ಹಗುರವೇ ಹೌದು. ಆದರೆ ಒಂದು ದೊಡ್ಡ ತಟ್ಟೆಯ ಮಂಡಕ್ಕಿ ಸುಮಾರು 170 ಕ್ಯಾಲೊರಿ, ಒಗ್ಗರಣೆಗೆ ಹಾಕಿದ ಒಂದು ದೊಡ್ಡ ಚಮಚ ಎಣ್ಣೆ 120, ಜೊತೆಗೆ ಕಡಲೆ ಹಿಟ್ಟಿನಲ್ಲಿ ಅದ್ದಿ ಕರಿದ ಎರಡು ಮೆಣಸಿನಕಾಯಿ 200, ಮೇಲೊಂದು ಸಿಹಿ ಚಹಾ. ಎಲ್ಲ ಸೇರಿ 500 ದಾಟುತ್ತದೆ. ಇದರ ಬದಲು 220 ಕ್ಯಾಲೊರಿಯ ಒಂದು ಲೋಟ ಕುಡಿದರೆ ಸುಮಾರು 300 ಉಳಿಯಿತು. ರಾತ್ರಿಯೂ ಹಾಗೆಯೇ ಮಾಡಿದರೆ ದಿನಕ್ಕೆ 500ರಿಂದ 600. ಒಂದು ಕಿಲೋ ಕೊಬ್ಬು ಕರಗಲು ಸುಮಾರು 7700 ಕ್ಯಾಲೊರಿ ಕಡಿಮೆಯಾಗಬೇಕು. ಅಂದರೆ ವಾರಕ್ಕೆ ಹೆಚ್ಚೂಕಡಿಮೆ ಅರ್ಧ ಕಿಲೋ. ಶೇಕ್‌ನ ಮಹಿಮೆ ಇಷ್ಟೇ. ಲೋಟದ ಅಳತೆ ಮೊದಲೇ ನಿಗದಿಯಾಗಿರುವುದರಿಂದ 'ಇನ್ನೊಂದು ಸ್ವಲ್ಪ ಹಾಕಿ' ಎನ್ನಲು ಅವಕಾಶವಿಲ್ಲ. ತಟ್ಟೆಯ ಅಳತೆ ಸಿಗದವರಿಗೆ ಇದು ನಿಜಕ್ಕೂ ಉಪಯೋಗಕ್ಕೆ ಬರುತ್ತದೆ.

ಇಲ್ಲಿ ಇನ್ನೊಂದು ಮಾತು. ಮೊದಲ ವಾರ ಎರಡು ಮೂರು ಕಿಲೋ ಇಳಿದದ್ದನ್ನು ಕಂಡು ಹಿಗ್ಗುವವರಿದ್ದಾರೆ. ಆಗ ಹೋಗುವುದರಲ್ಲಿ ಹೆಚ್ಚಿನ ಪಾಲು ನೀರು. ಪಿತ್ತಜನಕಾಂಗ ಮತ್ತು ಸ್ನಾಯುಗಳಲ್ಲಿ ಕೂಡಿಟ್ಟ ಗ್ಲೈಕೋಜನ್ ಎಂಬ ಪಿಷ್ಟದ ಪ್ರತಿ ಗ್ರಾಂ ಜೊತೆಗೂ ಸುಮಾರು ಮೂರು ಗ್ರಾಂ ನೀರಿರುತ್ತದೆ. ಊಟ ಕಡಿಮೆಯಾದಾಗ ಆ ಪಿಷ್ಟ ಖರ್ಚಾಗಿ ನೀರೂ ಹೊರಹೋಗುತ್ತದೆ. ಮತ್ತೆ ಉಂಡ ದಿನ ಅದು ಮರಳುತ್ತದೆ.

ಎರಡು ಪಾಠಗಳು

ಊಟದ ಬದಲಿ ಪಾನೀಯದಿಂದ ಒಳ್ಳೆಯದಾದ ದೊಡ್ಡ ಉದಾಹರಣೆ ಬ್ರಿಟನ್ನಿನದು. ನ್ಯೂಕ್ಯಾಸಲ್‌ನ ಪ್ರೊ. ರಾಯ್ ಟೇಲರ್ ಮತ್ತು ಗ್ಲಾಸ್ಗೋದ ಪ್ರೊ. ಮೈಕ್ ಲೀನ್ ನಡೆಸಿದ ಅಧ್ಯಯನದ ಫಲಿತಾಂಶ 2017ರಲ್ಲಿ ಪ್ರಕಟವಾಯಿತು. ಸಕ್ಕರೆ ಕಾಯಿಲೆ ಬಂದು ಆರು ವರ್ಷ ಮೀರದ, ಇನ್ಸುಲಿನ್ ತೆಗೆದುಕೊಳ್ಳದ, ಬೊಜ್ಜು ಇದ್ದವರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಮೂರರಿಂದ ಐದು ತಿಂಗಳು ದಿನಕ್ಕೆ ಸುಮಾರು 825ರಿಂದ 853 ಕ್ಯಾಲೊರಿಯ ಪಾನೀಯ ಹಾಗೂ ಸೂಪು ಮಾತ್ರ. ಒಂದು ವರ್ಷದ ನಂತರ ಆ ಗುಂಪಿನಲ್ಲಿ ನೂರಕ್ಕೆ 46 ಜನರ ಸಕ್ಕರೆ ಮಾತ್ರೆಯಿಲ್ಲದೆ ಹತೋಟಿಗೆ ಬಂದಿತ್ತು. ಇನ್ನೊಂದು ಗುಂಪಿನಲ್ಲಿ 4 ಜನರದು. ಎರಡನೆಯ ವರ್ಷಕ್ಕೆ 46 ಇದ್ದದ್ದು 36ಕ್ಕೆ ಇಳಿಯಿತು. ಗಮನಿಸಬೇಕಾದದ್ದು ಏನೆಂದರೆ, ಅಲ್ಲಿ ಸಕ್ಕರೆ ಮತ್ತು ರಕ್ತದೊತ್ತಡದ ಮಾತ್ರೆಗಳನ್ನು ಮೊದಲ ದಿನವೇ ನಿಲ್ಲಿಸಿದವರು ವೈದ್ಯರು. ಪಾನೀಯದಿಂದ ಊಟಕ್ಕೆ ಮರಳಿಸಲು ವಾರಗಟ್ಟಲೆ ಸಮಯ ಕೊಟ್ಟರು. ಆಮೇಲೂ ಪ್ರತಿ ತಿಂಗಳು ಕರೆದು ವಿಚಾರಿಸಿದರು.

ಇನ್ನೊಂದು ಪಾಠ ಹಳೆಯದು. 1976-77ರ ಸುಮಾರಿಗೆ ಅಮೆರಿಕದಲ್ಲಿ 'ದ್ರವ ಪ್ರೋಟೀನು' ಎಂಬ ಪಾನೀಯದ ಹುಚ್ಚು ಹಬ್ಬಿತು. ಪ್ರಾಣಿಗಳ ಚರ್ಮ, ಮೂಳೆಗಳಿಂದ ತೆಗೆದ ಕಳಪೆ ಸಸಾರಜನಕ ಅದರಲ್ಲಿತ್ತು. ಅದನ್ನೇ ಊಟವೆಂದು ತಿಂಗಳುಗಟ್ಟಲೆ ಕುಡಿದವರಲ್ಲಿ ಐವತ್ತಕ್ಕೂ ಹೆಚ್ಚು ಸಾವುಗಳು ವರದಿಯಾದವು. ಹಲವರಲ್ಲಿ ಹೃದಯದ ಬಡಿತವೇ ತಾಳ ತಪ್ಪಿತ್ತು. ಇಂದಿನ ಪುಡಿಗಳು ಅಷ್ಟು ಕಳಪೆಯಲ್ಲ. ಆದರೆ ಮೂರು ಹೊತ್ತೂ ಪಾನೀಯದ ಮೇಲೆ ಇರುವುದನ್ನು ವೈದ್ಯರ ಕಣ್ಣಳತೆಯಿಲ್ಲದೆ ಮಾಡಬಾರದೆಂಬ ಎಚ್ಚರಿಕೆ ಅಂದಿನಿಂದ ಉಳಿದಿದೆ.

ಬಿಟ್ಟ ಮೇಲೆ ಏನಾಗುತ್ತದೆ ಎಂಬುದಕ್ಕೂ ಸಾಕ್ಷಿಯಿದೆ. ಅಮೆರಿಕದ ದೂರದರ್ಶನ ತಾರೆ ಓಪ್ರಾ ವಿನ್‌ಫ್ರೇ 1988ರಲ್ಲಿ ದ್ರವ ಆಹಾರದಿಂದ ಸುಮಾರು 30 ಕಿಲೋ ಇಳಿಸಿ ಪರದೆಯ ಮೇಲೆ ತೋರಿಸಿದರು. ಊಟಕ್ಕೆ ಮರಳಿದ ಮೇಲೆ ತೂಕವೂ ಮರಳಿತೆಂದು ಮುಂದೆ ಅವರೇ ಹೇಳಿಕೊಂಡರು. ಲೋಟ ಅಳತೆ ಮಾಡಿಕೊಟ್ಟಿತ್ತು, ತಟ್ಟೆಯ ಅಳತೆಯನ್ನು ಕಲಿಸಿರಲಿಲ್ಲ.

ಸುಸ್ತಿಗೆ ಕಾರಣ ಹುಡುಕಿ

ಈಗ ಎರಡನೆಯ ವಿಷಯಕ್ಕೆ ಬರೋಣ. ಶೇಕ್ ಶುರು ಮಾಡಿದ ಹೊಸದರಲ್ಲಿ ಮೈ ಹಗುರಾಗಿ ಹುಮ್ಮಸ್ಸು ಬಂದಂತೆ ಅನ್ನಿಸುವುದುಂಟು. ತಿಂಡಿ ಬಿಡುತ್ತಿದ್ದವರು ಹೊತ್ತಿಗೆ ಸರಿಯಾಗಿ ಏನಾದರೂ ಕುಡಿಯತೊಡಗುತ್ತಾರೆ, ಕರಿದದ್ದು ನಿಲ್ಲುತ್ತದೆ, ನಡಿಗೆ ಆರಂಭವಾಗುತ್ತದೆ. ಜೊತೆಗೆ ಕೊಡುವ ಗಿಡಮೂಲಿಕೆಯ ಚಹಾದಲ್ಲಿ ಕೆಫೀನ್ ಇದ್ದರೆ ಅದರ ಉತ್ತೇಜನವೂ ಸೇರುತ್ತದೆ. ಇದು ಕೆಲವು ವಾರಗಳ ಮಾತು.

ತಿಂಗಳಾನುಗಟ್ಟಲೆ ಕಾಡುವ ಸುಸ್ತಿಗೆ ಸಾಮಾನ್ಯವಾಗಿ ಬೇರೆಯೇ ಕಾರಣ ಇರುತ್ತದೆ. ನಮ್ಮ ಹೆಣ್ಣುಮಕ್ಕಳಲ್ಲಿ ಮೊದಲು ಸಂಶಯ ಪಡಬೇಕಾದದ್ದು ರಕ್ತಹೀನತೆಯನ್ನು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನರಿಗೆ ರಕ್ತಹೀನತೆ ಇತ್ತು. ಅದೇ ಸಮೀಕ್ಷೆ ನೂರಕ್ಕೆ 30ರಷ್ಟು ಮಹಿಳೆಯರಿಗೆ ತೂಕ ಹೆಚ್ಚೆಂದೂ ಹೇಳಿತು. ಅಂದರೆ ದಪ್ಪಗಿರುವವರಿಗೆ ರಕ್ತ ಚೆನ್ನಾಗಿದೆ ಎಂದು ತಿಳಿಯಬಾರದು. ಒಬ್ಬರಲ್ಲೇ ಎರಡೂ ಇರಬಹುದು. ಮೆಟ್ಟಿಲು ಹತ್ತಿದರೆ ಏದುಸಿರು, ಎದೆ ಡವಡವ, ಸಂಜೆಗೆ ಕಾಲಲ್ಲಿ ಸೋಲು ಇರುವ ಗೃಹಿಣಿ ಇದೆಲ್ಲ ತೂಕದಿಂದಲೇ ಎಂದುಕೊಂಡು ಊಟ ಬಿಟ್ಟರೆ, ಇರುವ ಕಬ್ಬಿಣಾಂಶವೂ ಕಡಿಮೆಯಾದೀತು.

ಇನ್ನುಳಿದ ಕಾರಣಗಳು: ಥೈರಾಯ್ಡ್ ಗ್ರಂಥಿಯ ಮಂದಗತಿ (ಇದರಲ್ಲಿ ತೂಕವೂ ಏರುತ್ತದೆ, ಸುಸ್ತೂ ಇರುತ್ತದೆ), ಗೊತ್ತಿಲ್ಲದೆ ಸೇರಿಕೊಂಡ ಸಕ್ಕರೆ ಕಾಯಿಲೆ, ಸಸ್ಯಾಹಾರಿಗಳಲ್ಲಿ ಬಿ12 ಜೀವಸತ್ವದ ಕೊರತೆ, ಜೋರು ಗೊರಕೆಯೊಂದಿಗೆ ಉಸಿರು ಕಟ್ಟಿ ನಿದ್ದೆ ಕೆಡುವುದು, ಮನಸ್ಸಿನ ಖಿನ್ನತೆ. ಇವುಗಳಲ್ಲಿ ಬಹುಪಾಲು ರಕ್ತದ ಸರಳ ಪರೀಕ್ಷೆಗಳಲ್ಲಿ ತಿಳಿಯುತ್ತವೆ. ಹಿಮೋಗ್ಲೋಬಿನ್ ಮತ್ತು ಸಕ್ಕರೆಯ ಪರೀಕ್ಷೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಆಗುತ್ತದೆ. ಹಿಮೋಗ್ಲೋಬಿನ್ ಮಹಿಳೆಯರಲ್ಲಿ 12, ಗರ್ಭಿಣಿಯರಲ್ಲಿ 11, ಗಂಡಸರಲ್ಲಿ 13 ಗ್ರಾಂಗಿಂತ ಕಡಿಮೆಯಿದ್ದರೆ ಚಿಕಿತ್ಸೆ ಬೇಕು. ಕಬ್ಬಿಣದ ಮಾತ್ರೆಯನ್ನು ಚಹಾ, ಕಾಫಿಯ ಜೊತೆ ನುಂಗಬೇಡಿ; ನಿಂಬೆ ಶರಬತ್ತು ಒಳ್ಳೆಯದು. ಕಾರಣಕ್ಕೆ ತಕ್ಕ ಚಿಕಿತ್ಸೆಯಾದರೆ ಸುಸ್ತು ತಾನಾಗಿ ಹೋಗುತ್ತದೆ. ಪುಡಿಯಿಂದ ಥೈರಾಯ್ಡ್ ಸರಿಹೋಗದು.

ನಮ್ಮ ತಟ್ಟೆಯಲ್ಲೇ ಅಳತೆ

ನಿಮಗೆ ತೂಕ ಇಳಿಸುವ ಅಗತ್ಯ ಇದೆಯೇ? ಕಿಲೋ ಲೆಕ್ಕದ ತೂಕವನ್ನು ಮೀಟರ್ ಲೆಕ್ಕದ ಎತ್ತರದಿಂದ ಎರಡು ಸಲ ಭಾಗಿಸಿ. ಬಂದದ್ದು 23 ದಾಟಿದರೆ ಭಾರತೀಯರಿಗೆ ಹೆಚ್ಚು, 25 ದಾಟಿದರೆ ಬೊಜ್ಜು. ಐದೂಕಾಲು ಅಡಿ, ಅಂದರೆ 160 ಸೆಂಟಿಮೀಟರ್ ಎತ್ತರದವರಿಗೆ ಇದು ಸುಮಾರು 59 ಮತ್ತು 64 ಕಿಲೋ. ಸೊಂಟದ ಸುತ್ತಳತೆ ಗಂಡಸರಲ್ಲಿ 90, ಹೆಂಗಸರಲ್ಲಿ 80 ಸೆಂಟಿಮೀಟರ್ ಮೀರಬಾರದು.

ಅಗತ್ಯವಿದ್ದರೆ ಡಬ್ಬಿಯ ಅಳತೆಯನ್ನು ತಟ್ಟೆಗೆ ತರಬಹುದು. ಜೋಳದ ರೊಟ್ಟಿ ಒಂದು, ಒಂದು ಹಿಡಿ ಮಡಿಕೆ ಕಾಳನ್ನು ಮೊಳಕೆ ಕಟ್ಟಿ ಬೇಯಿಸಿದ್ದು, ಒಂದು ಲೋಟ ಮಜ್ಜಿಗೆ, ಜೊತೆಗೆ ಸೌತೆಕಾಯಿ, ಈರುಳ್ಳಿ, ಹಸಿ ಮೆಂತೆ ಸೊಪ್ಪು. ಇದರಲ್ಲಿ ಸುಮಾರು 280ರಿಂದ 300 ಕ್ಯಾಲೊರಿ, 14 ಗ್ರಾಂನಷ್ಟು ಸಸಾರಜನಕ ಸಿಗುತ್ತದೆ. ಒಂದು ಲೋಟ ಶೇಕ್‌ನ ಸಮೀಪಕ್ಕೆ ಬಂತು. ಅಗಿದು ತಿನ್ನುವುದರಿಂದ, ಜೋಳ ಮತ್ತು ಕಾಳಿನ ನಾರಿನಿಂದ ಹೊಟ್ಟೆ ಹೆಚ್ಚು ಹೊತ್ತು ತುಂಬಿರುತ್ತದೆ. ಮೊಟ್ಟೆ ತಿನ್ನುವವರು ಒಂದು ಸೇರಿಸಿಕೊಂಡರೆ ಇನ್ನೂ 6 ಗ್ರಾಂ ಸಸಾರಜನಕ. ಮಧ್ಯಾಹ್ನಕ್ಕೆ ಎರಡು ರೊಟ್ಟಿ, ಬೇಳೆ ಹಾಕಿದ ಪುಂಡಿಪಲ್ಲೆಯೋ ಕಾಳುಪಲ್ಯವೋ ಸಾಕು. ಅನ್ನವನ್ನು ಸಣ್ಣ ಬಟ್ಟಲಿಗೆ ಇಳಿಸಿ.

ಹುಷಾರಾಗಿರಬೇಕಾದದ್ದು ಶೇಂಗಾ ಹಿಂಡಿ ಮತ್ತು ಎಣ್ಣೆಯಲ್ಲಿ. ಶೇಂಗಾ ಪುಷ್ಟಿಕರ ನಿಜ, ಆದರೆ ಅರ್ಧಕ್ಕರ್ಧ ಕೊಬ್ಬು. ಹಿಂಡಿ ಒಂದು ದೊಡ್ಡ ಚಮಚ ಸಾಕು, ಅದರ ಮೇಲೆ ಸುರಿಯುವ ಎಣ್ಣೆ ಬೇಡ. ಮಂಡಕ್ಕಿ ಮೆಣಸಿನಕಾಯಿಯನ್ನು ಪೂರ್ತಿ ಬಿಡಿ ಎಂದರೆ ನಮ್ಮ ಸೀಮೆಯವರು ಒಪ್ಪಲಾರರು. ವಾರಕ್ಕೊಂದು ದಿನ ಇಟ್ಟುಕೊಳ್ಳಿ.

ಅರ್ಧ ಗಂಟೆಯ ನಡಿಗೆಯಲ್ಲಿ ಖರ್ಚಾಗುವುದು ಸುಮಾರು 120 ಕ್ಯಾಲೊರಿ, ಒಂದು ರೊಟ್ಟಿಗಿಂತ ಕಡಿಮೆ. ಆದ್ದರಿಂದ ನಡಿಗೆಯೊಂದರಿಂದಲೇ ಮೈ ಇಳಿಯದು. ಆದರೆ ಸ್ನಾಯು ಉಳಿಯಲು, ಇಳಿದ ತೂಕ ಮತ್ತೆ ಏರದಿರಲು, ಚೈತನ್ಯಕ್ಕೆ ಅದು ಬೇಕೇ ಬೇಕು. ಮಾಘ ಮಾಸದಲ್ಲಿ ಕೊಟ್ಟೂರೇಶ್ವರನ ತೇರಿಗೆ ದಾವಣಗೆರೆ ಕಡೆಯಿಂದ ಪಾದಯಾತ್ರೆಯಲ್ಲಿ ಬರುವ ಕಾಲುಗಳಿಗೆ ಉಳಿದ ಹನ್ನೊಂದು ತಿಂಗಳು ದಿನಕ್ಕೆ ಅರ್ಧ ಗಂಟೆ ನಡೆಯುವುದು ಹೊರೆಯಾಗದು.

ಯಾರು ಮುಟ್ಟಬಾರದು?

ಗರ್ಭಿಣಿಯರು, ಹಾಲೂಡಿಸುವ ತಾಯಂದಿರು, ಬೆಳೆಯುವ ಮಕ್ಕಳು ಊಟದ ಬದಲಿಗೆ ಪುಡಿ ಕುಡಿಯಬಾರದು. ಮೂತ್ರಪಿಂಡದ ಕಾಯಿಲೆಯವರಿಗೆ ಹೆಚ್ಚಿನ ಸಸಾರಜನಕ ಹಾನಿ ಮಾಡಬಹುದು. ಇನ್ಸುಲಿನ್, ಗ್ಲಿಮಿಪಿರೈಡ್, ಗ್ಲಿಬೆನ್‌ಕ್ಲಮೈಡ್ ತೆಗೆದುಕೊಳ್ಳುವವರು ಊಟ ಕಡಿಮೆ ಮಾಡಿ ಔಷಧಿಯನ್ನು ಹಾಗೇ ಮುಂದುವರಿಸಿದರೆ ರಕ್ತದ ಸಕ್ಕರೆ ದಿಢೀರನೆ ಕುಸಿದು ಪ್ರಜ್ಞೆ ತಪ್ಪಬಹುದು. ಇಂಥವರು ವೈದ್ಯರನ್ನು ಕೇಳದೆ ಊಟವನ್ನೂ ಬಿಡಬಾರದು, ಮಾತ್ರೆಯನ್ನೂ ಬಿಡಬಾರದು. ಅತಿ ವೇಗವಾಗಿ ಇಳಿದವರಲ್ಲಿ ಪಿತ್ತಕೋಶದ ಕಲ್ಲು, ಕೂದಲು ಉದುರುವುದು ಕಂಡುಬರುತ್ತದೆ. ಕಣ್ಣು ಹಳದಿಯಾದರೆ, ಮೂತ್ರ ಗಾಢ ಹಳದಿಯಾದರೆ, ಎದೆಬಡಿತ ತಪ್ಪಿದಂತಾದರೆ ತಕ್ಷಣ ನಿಲ್ಲಿಸಿ ಆಸ್ಪತ್ರೆಗೆ ಹೋಗಿ.

ಕೊಳ್ಳುವ ಮುನ್ನ

ಡಬ್ಬಿಯ ಮೇಲೆ ಆಹಾರ ಸುರಕ್ಷತಾ ಪ್ರಾಧಿಕಾರದ 14 ಅಂಕಿಯ ಪರವಾನಗಿ ಸಂಖ್ಯೆ ಇದೆಯೇ ನೋಡಿ. ಒಂದು ಸಲದ ಅಳತೆಯಲ್ಲಿ ಎಷ್ಟು ಕ್ಯಾಲೊರಿ, ಎಷ್ಟು ಸಸಾರಜನಕ, ಎಷ್ಟು ಸಕ್ಕರೆ ಎಂದು ಓದಿ. ಪುಡಿ ಔಷಧಿಯಲ್ಲ. ಸಕ್ಕರೆ ಕಾಯಿಲೆ, ಥೈರಾಯ್ಡ್, ಬಂಜೆತನ ಎಲ್ಲ ವಾಸಿಯಾಗುತ್ತದೆ ಎಂದವರ ಮಾತನ್ನು ಅಲ್ಲೇ ನಿಲ್ಲಿಸಿ. ಮನೆಗೆ ತಂದು ಮಾರುವವರಿಗೂ 2021ರಿಂದ ಕೇಂದ್ರ ಸರ್ಕಾರದ ನಿಯಮಗಳಿವೆ. ರಸೀದಿ ಕೇಳಿ ಪಡೆಯಿರಿ. ಮೋಸವಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಬಹುದು. ತಿಂಗಳಿಗೆ ಸಾವಿರಾರು ರೂಪಾಯಿಯ ಡಬ್ಬಿಗೆ ಮನೆಯ ಹಾಲು, ಹಣ್ಣು, ಕಾಳುಗಳ ದುಡ್ಡು ಹೋಗುತ್ತಿದ್ದರೆ ಅದರ ನಷ್ಟ ಮಕ್ಕಳ ತಟ್ಟೆಗೆ.

ನೆನಪಿಡಿ

ಸುಸ್ತು ಇದ್ದರೆ ಮೊದಲು ರಕ್ತ ಪರೀಕ್ಷೆ, ಆಮೇಲೆ ಉಳಿದದ್ದು. ವಾರಕ್ಕೆ ಅರ್ಧ ಕಿಲೋ ಇಳಿದರೆ ಸಾಕು. ಇರುವ ತೂಕದಲ್ಲಿ ನೂರಕ್ಕೆ ಐದರಷ್ಟು ಇಳಿದರೂ ರಕ್ತದೊತ್ತಡ, ಸಕ್ಕರೆಗಳಲ್ಲಿ ಗುಣ ಕಾಣುತ್ತದೆ. ಶೇಕ್ ಕುಡಿಯಲೇಬೇಕೆಂದರೆ ದಿನಕ್ಕೊಂದು ಹೊತ್ತು, ಕೆಲವು ತಿಂಗಳ ಮಟ್ಟಿಗೆ, ವೈದ್ಯರಿಗೆ ತಿಳಿಸಿ ಕುಡಿಯಿರಿ; ಆ ಅವಧಿಯಲ್ಲೇ ಉಳಿದೆರಡು ಹೊತ್ತಿನ ತಟ್ಟೆಯನ್ನು ಅಳತೆಗೆ ತನ್ನಿ. ಡಬ್ಬಿ ಖಾಲಿಯಾದ ಮರುದಿನವೂ ಊಟ ಮಾಡಬೇಕಾದದ್ದು ಆ ತಟ್ಟೆಯಲ್ಲೇ.