ವಯಸ್ಸಾದವರ ಬ್ರೆಡ್ಡಿಗೆ ತರಕಾರಿ ಪುಡಿ: ಮೊದಲು ಹಿಟ್ಟು ಬದಲಿಸಿ

ಹಲ್ಲು ಸಡಿಲಾಗಿ, ಬಾಯಿರುಚಿ ಕೆಟ್ಟು, ಎರಡು ತುಂಡು ಬ್ರೆಡ್ಡು, ಒಂದು ಲೋಟ ಚಹಾದಲ್ಲೇ ರಾತ್ರಿಯೂಟ ಮುಗಿಸುವ ಹಿರಿಯರು ಕಡಿಮೆಯಿಲ್ಲ. ಅವರ ಬ್ರೆಡ್ಡಿಗೆ ತರಕಾರಿ ಪುಡಿ ಬೆರೆಸುವುದು ಒಳ್ಳೆಯದೇ, ಆದರೆ ಲೆಕ್ಕ ತಪ್ಪಬಾರದು. ಅರ್ಧ ಕಿಲೋ ಹಿಟ್ಟಿಗೆ 25 ಗ್ರಾಂ ಕ್ಯಾರೆಟ್ ಪುಡಿ ಹಾಕಿ ಹದಿನಾರು ತುಂಡು ಮಾಡಿದರೆ, ಎರಡು ತುಂಡಿನಲ್ಲಿ ಸಿಗುವ ಪುಡಿ ಮೂರು ಗ್ರಾಂ, ಅದರ ನಾರು ಒಂದು ಗ್ರಾಮಿಗೂ ಕಡಿಮೆ. ಅದೇ ಎರಡು ತುಂಡು ಮೈದಾದ್ದಾದರೆ ಹಿಟ್ಟಿನ ನಾರು 2 ಗ್ರಾಂ ಮುಟ್ಟದು; ಪೂರ್ತಿ ಗೋಧಿ ಹಿಟ್ಟಿನದಾದರೆ ಸುಮಾರು 7 ಗ್ರಾಂ. ಮಲಬದ್ಧತೆಗೆ ಮದ್ದು ಹುಡುಕುವವರು ಮೊದಲು ಹಿಟ್ಟು ಬದಲಿಸಬೇಕು. ಬರೀ ಗೋಧಿ ಹಿಟ್ಟು ಗಟ್ಟಿಯಾಯಿತು ಎಂದರೆ ಅರ್ಧ ಮೈದಾ ಇರಲಿ. ನಾರು ಹೆಚ್ಚಿದಷ್ಟೂ ನೀರು ಬೇಕು. ಮುಪ್ಪಿನಲ್ಲಿ ಬಾಯಾರಿಕೆ ಅಷ್ಟಾಗಿ ತಿಳಿಯದ ಕಾರಣ ನೀರು ಕುಡಿಯಲು ಮನೆಯವರೇ ನೆನಪಿಸಬೇಕು.

ಹಾಗಾದರೆ ಪುಡಿ ಯಾಕೆ? ಬೀಟಾ ಕ್ಯಾರೊಟಿನ್, ಖನಿಜಗಳು, ಜೊತೆಗೆ ತಿನ್ನಬೇಕೆನಿಸುವ ಬಣ್ಣ. ಸಿ ವಿಟಮಿನ್ ಮಾತ್ರ ಒಣಗಿಸಿ ಬೇಯಿಸುವಾಗ ಬಹುಪಾಲು ಹೋಗುತ್ತದೆ, ಅದಕ್ಕೆ ನಿಂಬೆಯೋ ಸೀಬೆಯೋ ಬೇರೆ ಇರಲಿ. ಕ್ಯಾರೆಟ್ ತೆಳ್ಳಗೆ ಹೆಚ್ಚಿ, ಎರಡು ಮೂರು ನಿಮಿಷ ಹಬೆಯಲ್ಲಿಟ್ಟು, 60 ಡಿಗ್ರಿಯ ಆಸುಪಾಸು ಶಾಖದಲ್ಲಿ ಪಟಪಟನೆ ಮುರಿಯುವವರೆಗೆ ಒಣಗಿಸಿ. ಸುಡುಬಿಸಿಲು ಬೇಡ, ಕ್ಯಾರೊಟಿನ್ ನಶಿಸುತ್ತದೆ. ಪುಡಿಮಾಡಿ ಜರಡಿ ಹಿಡಿದು, ಗಾಳಿ ಬೆಳಕು ತಾಗದ ಡಬ್ಬಿಯಲ್ಲಿಡಿ. ಹಿಟ್ಟಿನ ತೂಕದ ನೂರಕ್ಕೆ ಐದು ಪಾಲು ಸಾಕು. ಹತ್ತು ದಾಟಿದರೆ ಅಂಟು ಕಡಿಮೆಯಾಗಿ ಬ್ರೆಡ್ಡು ಉಬ್ಬದೆ ಇಟ್ಟಿಗೆಯಾಗುತ್ತದೆ. ಪುಡಿ ನೀರು ಹೀರುವುದರಿಂದ ಕಲಸುವಾಗ ಎರಡು ಮೂರು ಚಮಚ ನೀರು ಹೆಚ್ಚು ಬೇಕು. ಒಂದು ಚಮಚ ಎಣ್ಣೆ ಬೇಡ ಎನ್ನಬೇಡಿ: ಕ್ಯಾರೊಟಿನ್ ಮೈಗೆ ಹತ್ತುವುದೇ ಜಿಡ್ಡಿನ ಜೊತೆ. ಉಪ್ಪು ಇಡೀ ಬ್ರೆಡ್ಡಿಗೆ ಒಂದು ಚಿಕ್ಕ ಚಮಚ ಮೀರದಿರಲಿ.

‘ತರಕಾರಿ ಅಲ್ಲವೇ, ಎಷ್ಟು ಹಾಕಿದರೇನು’ ಎಂಬುದು ಅಪಾಯದ ಮಾತು. ಒಣಗಿದಾಗ ಒಳ್ಳೆಯದರ ಜೊತೆ ಉಳಿದದ್ದೂ ಸಾಂದ್ರವಾಗುತ್ತದೆ. ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ನುಂಗುವವರಿಗೆ ನುಗ್ಗೆಸೊಪ್ಪು, ಪಾಲಕ್ ಪುಡಿಯ ಕೆ ವಿಟಮಿನ್ ಔಷಧಕ್ಕೇ ಅಡ್ಡಬರುತ್ತದೆ. ವೈದ್ಯರನ್ನು ಕೇಳದೆ ಶುರು ಮಾಡಬೇಡಿ, ಕೊಡುವುದಾದರೆ ಪ್ರಮಾಣ ದಿನದಿನಕ್ಕೆ ಏರುಪೇರಾಗದಿರಲಿ. ಮೂತ್ರಪಿಂಡ ದುರ್ಬಲವಾದವರಿಗೆ ಪೊಟ್ಯಾಸಿಯಂ, ಕಲ್ಲಿನ ತೊಂದರೆ ಇದ್ದವರಿಗೆ ಬೀಟ್‌ರೂಟ್, ಪಾಲಕ್‌ನ ಆಕ್ಸಲೇಟ್ ಆಗಿಬರದು. ಮಧುಮೇಹಿಗಳಿಗೆ ಬಣ್ಣದ ಬ್ರೆಡ್ಡೂ ಬ್ರೆಡ್ಡೇ, ತುಂಡಿನ ಲೆಕ್ಕ ತಪ್ಪದು. ಅಂಗಡಿಯದ್ದು ಕೊಳ್ಳುವಾಗ ಪೊಟ್ಟಣದ ಹಿಂಬದಿ ಓದಿ: ಸಾಮಗ್ರಿಗಳನ್ನು ತೂಕದ ಇಳಿಕೆಯ ಕ್ರಮದಲ್ಲಿ ಬರೆಯುವುದು ನಿಯಮ. ಮೈದಾ ಮೊದಲು, ಪಾಲಕ್ ಉಪ್ಪಿಗಿಂತಲೂ ಕೆಳಗಿದ್ದರೆ ನೀವು ಕೊಂಡದ್ದು ಹಸಿರು ಮೈದಾ ಬ್ರೆಡ್ಡು.